ಮೇಷ್ಟ್ರ ಸಾಲು, ಕೀಲಿಮಣೆಯ ಕತ್ತರಿ

ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅಂತ ಹಿರಿಯರು ಹೇಳಿದ್ದಾರಲ್ಲ, ಆ ಮಾತನ್ನು ನಂಬಿ ಕೆಟ್ಟವನು ನಮ್ಮ ಕೀಲಿಮಣೆ. ಹಿರಿಯರ ಮಾತು ಸುಳ್ಳಲ್ಲ. ಆದರೆ ಮೇಲೆ ಅನ್ನವಿದ್ದು ಅಡಿಯಲ್ಲಿ ಬೇರೇನೋ ಕುದಿಯುತ್ತಿದ್ದರೆ ಯಾವ ಅಗುಳನ್ನು ಹಿಚುಕಬೇಕು ಎಂಬುದನ್ನು ಅವರು ಹೇಳದೆ ಹೋದರು.

ಕೀಲಿಮಣೆ ಎಂದರೆ ಶಾಲೆಯ ಕಂಪ್ಯೂಟರ್ ಕೋಣೆಯ ನೌಕರ, ಸದಾ ಕೀಬೋರ್ಡು ಕುಟ್ಟುವವನಾದ್ದರಿಂದ ಆ ಅಡ್ಡಹೆಸರು. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಓದಿದ್ದು ಇದೇ ಶಾಲೆಯಲ್ಲಿ, ಕೆಲಸಕ್ಕೆ ಸೇರಿದ್ದೂ ಇಲ್ಲೇ, ಸೇರಿದ ದಿನದಿಂದ ಹಂಗಾಮಿ. ಅವನ ಅತ್ತೆಯಂತೂ ಬಂದವರಿಗೆಲ್ಲ "ಇವರು ನಮ್ಮ ಹಂಗಾಮಿ ಅಳಿಯಂದಿರು" ಎಂದೇ ಪರಿಚಯ ಮಾಡಿಸುತ್ತಿದ್ದರು. ಅಂಥವನಿಗೆ ಈಗ ಅದೃಷ್ಟ ಒಂದು ಕಣ್ಣು ತೆರೆದಿತ್ತು. ಹಳೆಯ ವಿದ್ಯಾರ್ಥಿಗಳ ಮಾಹಿತಿಯನ್ನೆಲ್ಲ ಬಿಡಿಸಿ, ತಿದ್ದಿ, ಒಪ್ಪವಾಗಿ ಜೋಡಿಸುವುದಕ್ಕೆಂದೇ ಹಳೆಯ ವಿದ್ಯಾರ್ಥಿಗಳ ಸಂಘ ಒಂದು ಖಾಯಂ ಹುದ್ದೆ ಮಾಡಲು ಹೊರಟಿತ್ತು. ಇವತ್ತಿನ ಸಮ್ಮಿಲನದಲ್ಲಿ ಸಂಘದ ಅಧ್ಯಕ್ಷರು ವೇದಿಕೆಯ ಮೇಲಿಂದಲೇ ಅದನ್ನು ಘೋಷಿಸುವವರಿದ್ದರು. ಅಧ್ಯಕ್ಷರೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿ, ಈಗ ಮೇಜು ಕುರ್ಚಿ ಮಂಚಗಳ ದೊಡ್ಡ ಅಂಗಡಿಯ ಸಾಹುಕಾರರು.

ಮಾಹಿತಿಯ ಕತೆಯನ್ನೂ ಹೇಳಿಬಿಡಬೇಕು. ಅದನ್ನು ತುಂಬಿದವರು ಲೆಕ್ಕದ ಮೇಷ್ಟ್ರು, ಈಗ ಇಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ ದಿನಾ ಶಾಲೆಗೆ ಬಂದು, ಶಾಲೆಗೆ ಬಂದ ಮೊತ್ತಮೊದಲ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಟೈಪು ಮಾಡುತ್ತಿದ್ದರು. ಹೆಸರಿಗೊಂದು, ವರ್ಷಕ್ಕೊಂದು ಅಂತ ಬೇರೆ ಬೇರೆ ಖಾನೆ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಸಾಲು, ಒಳಗೆಲ್ಲ ಅಲ್ಪವಿರಾಮ, ಅಷ್ಟೇ. ಟೈಪು ಮಾಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ಆಗ ಅವರಿಗೆ ಟೀ ತಂದುಕೊಟ್ಟವರೆಲ್ಲ, ಪಾಪ, ವಯಸ್ಸಾಯಿತು ಅಂದುಕೊಂಡರು.

ಆ ಸಾಲುಗಳಿಂದ ಹೆಸರು ಬಿಡಿಸಿ ಸಮ್ಮಿಲನಕ್ಕೆ ಬ್ಯಾಜು ಮಾಡುವುದು ಕೀಲಿಮಣೆಯ ಪಾಲಿಗೆ ಬಂತು. ಅವನು ಎಸ್‌ಕ್ಯೂಎಲ್‌ನಲ್ಲಿ ಒಂದು ಕ್ವೆರಿ ಬರೆದ. ಅಂದರೆ ಕಂಪ್ಯೂಟರಿಗೆ ಹೀಗೆ ಅಪ್ಪಣೆ ಕೊಟ್ಟ: ಸಾಲಿನಲ್ಲಿ ಅಲ್ಪವಿರಾಮ ಇದ್ದರೆ ಅದರ ಹಿಂದಿನ ತುಂಡು ಹೆಸರು, ಮುಂದಿನ ತುಂಡು ವರ್ಷ, ಅಲ್ಪವಿರಾಮವೇ ಇಲ್ಲದಿದ್ದರೆ ಇಡೀ ಸಾಲೇ ಹೆಸರು. ಮೊದಲ ಪುಟ ತೆರೆದು ನೋಡಿದ. ಹೆಸರು, ವರ್ಷ, ಹೆಸರು, ವರ್ಷ, ಮಲ್ಲಿಗೆ ಮಾಲೆಯಂತೆ ಬಂದಿತ್ತು. "ಆಹಾ" ಅಂದುಕೊಂಡ. ಎಲ್ಲವನ್ನೂ ಮುದ್ರಣಕ್ಕೆ ಹಾಕಿ, ಯಂತ್ರ ಉಗುಳಿದ್ದನ್ನು ತಿರುಗಿಯೂ ನೋಡದೆ ಡಬ್ಬಿಗೆ ತುಂಬಿಸಿ ಮನೆಗೆ ಹೋದ.

ಸಮ್ಮಿಲನದ ಬೆಳಿಗ್ಗೆ ಡಬ್ಬಿ ಬಿಚ್ಚಿದವರು ಡ್ರಿಲ್ ಮೇಷ್ಟ್ರು. ಬ್ಯಾಜಿಗೆ ದಾರ ಪೋಣಿಸುವ ಕೆಲಸ ಅವರದು.

"ಏನಯ್ಯಾ ಕೀಲಿಮಣೆ, ಯಾವ ತಂದೆತಾಯಿ ಮಗನಿಗೆ ಈ ಹೆಸರಿಟ್ಟಿದ್ದಾರೆ?" ಎಂದು ಒಂದನ್ನು ಎತ್ತಿ ಹಿಡಿದರು. ಬ್ಯಾಜಿನ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ಗಂಟೆ ಬಾರಿಸುವ ಮೊದಲೇ ಚೀಲ ಹೆಗಲಿಗೇರಿಸುತ್ತಾನೆ.

ಕೀಲಿಮಣೆ ಡಬ್ಬಿಗೆ ಕೈ ಹಾಕಿದ. ಇನ್ನೊಂದನ್ನು ತೆಗೆದ: ಗೋಡೆಗೊರಗಿ ನಿಂತೇ ನಿದ್ದೆ ಮಾಡುತ್ತಾಳೆ. ಮತ್ತೊಂದು: ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ. ಮಗದೊಂದು: ಹೆಸರು ಮರೆತೆ. ಡಬ್ಬಿಯ ತಳದವರೆಗೂ ಇದೇ ಹಣೆಬರಹ.

ಓಡಿಹೋಗಿ ಕಂಪ್ಯೂಟರ್ ತೆರೆದಾಗ ಗುಟ್ಟು ತಿಳಿಯಿತು. ಲೆಕ್ಕದ ಮೇಷ್ಟ್ರು ಶುರುವಿನಲ್ಲಿ ದಾಖಲಾತಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಶಿಸ್ತಾಗಿ ಹೆಸರು, ವರ್ಷ ಅಂತ ಬರೆದಿದ್ದಾರೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಬೇಜಾರಾಗಿದೆ. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯತೊಡಗಿದ್ದಾರೆ. ನೆನಪಿಗೆ ಮೊದಲು ಬರುವುದು ಹೆಸರಲ್ಲವಲ್ಲ! ಮಗುವಿನ ಚೇಷ್ಟೆ ಮೊದಲು, ಹೆಸರು ಆಮೇಲೆ, ವರ್ಷ ಸಿಕ್ಕಿದರೆ ಸಿಕ್ಕಿತು.

ಅಷ್ಟರಲ್ಲಿ ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಕೋಣೆಗೆ ಬಂದರು. ಕೈಯಲ್ಲಿ ಒಂದು ಬ್ಯಾಜು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದ್ಯಾರದ್ದು ಗೊತ್ತೇನ್ರೀ? ನಮ್ಮ ಕಚೇರಿ ಗುಮಾಸ್ತರು ಅವರ ಜೊತೆ ಓದಿದವರು, ಗುರುತು ಹಿಡಿದ್ರು. ಅಧ್ಯಕ್ಷರದ್ದು!"

ಕೀಲಿಮಣೆ ಓದಿದ: ಪಕ್ಕದವನನ್ನು ನೋಡಿ ಲೆಕ್ಕ ಬರೆಯುತ್ತಾನೆ ಪಕ್ಕದವನದೂ ತಪ್ಪು.

"ಇದನ್ನ ಕೊರಳಿಗೆ ಹಾಕ್ಕೊಂಡು ಅವರು ನಿನ್ನ ಖಾಯಂ ಮಾಡ್ತಾರಾ?" ಎಂದು ಮೇಡಂನ ಬೆನ್ನ ಹಿಂದಿನಿಂದ ಗುಮಾಸ್ತರು ಇಣುಕಿದರು. ಗುಮಾಸ್ತರಿಗೆ ಪರರ ಕಷ್ಟವೆಂದರೆ ಬಿಸಿಬಿಸಿ ಟೀ ಇದ್ದ ಹಾಗೆ, ಆರಲು ಬಿಡುತ್ತಿರಲಿಲ್ಲ.

"ಒಂದು ಗಳಿಗೆ ಕೊಡಿ ಮೇಡಂ, ಷರತ್ತು ಬದಲಾಯಿಸ್ತೀನಿ" ಎಂದ ಕೀಲಿಮಣೆ. ಎರಡು ಅಲ್ಪವಿರಾಮ ಇದ್ದರೆ ನಡುವಿನ ತುಂಡನ್ನು ಹೆಸರೆಂದು ತೆಗೆದುಕೋ ಎಂದು ಕ್ವೆರಿಗೆ ಹೇಳಿದ. ಆದರೆ ಮೇಷ್ಟ್ರು ಬರೆದ ಚೇಷ್ಟೆಯ ವಿವರಣೆಯೊಳಗೇ ಅಲ್ಪವಿರಾಮಗಳಿದ್ದವು. "ಬೇಗ ಅಳುತ್ತಾನೆ, ಬೇಗ ನಗುತ್ತಾನೆ" ಎಂದು ಶುರುವಾಗುವ ಸಾಲಿನಿಂದ ಬೇಗ ನಗುತ್ತಾನೆ ಎಂಬ ಮಹಾಶಯ ಹುಟ್ಟಿದ.

"ಅಯ್ಯೋ, ಸುಲಭ ಕಣಯ್ಯಾ" ಅಂದರು ಡ್ರಿಲ್ ಮೇಷ್ಟ್ರು. "ಚಿಕ್ಕದಿದ್ರೆ ಹೆಸರು, ಉದ್ದ ಇದ್ರೆ ಚೇಷ್ಟೆ. ಸಾಲಾಗಿ ನಿಲ್ಲಿಸಿ ಎತ್ತರ ನೋಡಿ ಬೇರೆ ಮಾಡು."

ತುಂಡಿನ ಉದ್ದ ಅಳೆಯುವ ಷರತ್ತು ಸೇರಿಸಿದ. ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನದ ಹೆಸರು ಎಲ್ಲ ಹೊತ್ತ ಉದ್ದ ಹೆಸರಿನವರು ಚೇಷ್ಟೆಯಾದರು. ಮೇಷ್ಟ್ರು ಕೋಪದಲ್ಲಿ ಚುಟುಕಾಗಿ ಬರೆದ ಮೊಂಡ, ಬಾಯಿಬಡುಕಿ ಮುಂತಾದವರು ಹೆಸರಾದರು.

"ಕೊನೆಗೆ ತ್ತಾನೆ, ತ್ತಾಳೆ ಅಂತ ಇದ್ರೆ ಚೇಷ್ಟೆ ಅಂತ ಹೇಳಬಾರದೇ?" ಎಂದರು ದೊಡ್ಡ ಮೇಡಂ. ಅವರು ವ್ಯಾಕರಣದವರು. ಆ ಷರತ್ತೂ ಹೋಯಿತು ಒಳಗೆ. ಕ್ವೆರಿ ಈಗ ಅಡಿಯಿಂದ ಮುಡಿಯವರೆಗೆ ಹೀಗಿದ್ದರೆ ಹಾಗೆ, ಹಾಗಿದ್ದರೆ ಹೀಗೆ ಎಂದು ಬೆಳೆದು, ಒಂದು ತೂತು ಮುಚ್ಚಿದರೆ ಮೂರು ತೂತು ತೆರೆಯುತ್ತಿತ್ತು. ಪ್ರತಿ ಸಲವೂ ಪರೀಕ್ಷೆಗೆಂದು ನಾಲ್ಕಾರು ಬ್ಯಾಜು ಮುದ್ರಿಸಿ ನೋಡುವುದು, ತಲೆ ಚಚ್ಚಿಕೊಳ್ಳುವುದು ನಡೆದಿತ್ತು.

ಈ ಗಡಿಬಿಡಿಯಲ್ಲಿ ಅವನ ಕಣ್ಣಿಗೆ ತನ್ನದೇ ಸಾಲು ಬಿತ್ತು. ಮೇಷ್ಟ್ರ ಕೊನೆಯ ತರಗತಿಯವನಲ್ಲವೇ ಅವನು: "ಬಿಟ್ಟ ಸ್ಥಳ ತುಂಬು ಎಂದರೆ ಎಲ್ಲ ಸ್ಥಳಕ್ಕೂ ಒಂದೇ ಉತ್ತರ ತುಂಬುತ್ತಾನೆ, ಒಂದಾದರೂ ಸರಿಯಾಗುತ್ತದಂತೆ, ಒಳ್ಳೆಯ ಹುಡುಗ." ಕೀಲಿಮಣೆಗೆ ನಗು ಬಂತು. ಸೀಮೆಸುಣ್ಣದ ಧೂಳು ಹತ್ತಿದ ಆ ಕೋಟಿನ ತೋಳು, ತಪ್ಪು ಉತ್ತರಕ್ಕೆ ಬೈಯುವ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದ ರೀತಿ, ಎಲ್ಲ ಎದುರಿಗೇ ಬಂದು ನಿಂತವು. ಇಷ್ಟು ಮಕ್ಕಳನ್ನು ಒಬ್ಬ ಮನುಷ್ಯ ಇಷ್ಟು ಚೆನ್ನಾಗಿ ನೋಡಿರಲು ಸಾಧ್ಯವೇ ಎಂದು ಅವನಿಗೆ ಅನ್ನಿಸಿತು. ಇನ್ನೂ ಸ್ವಲ್ಪ ಓದುತ್ತ ಕೂತಿರುತ್ತಿದ್ದನೇನೋ, ಮುದ್ರಣ ಯಂತ್ರ ಕೀಚ್ ಎಂದು ಕೂಗಿ, ಶಾಯಿ ಮುಗಿಯುತ್ತಿದೆ ಎಂದು ಕೆಂಪು ದೀಪ ಹಚ್ಚಿತು.

ಹೊರಗೆ ಕಾರುಗಳ ಬಾಗಿಲು ಮುಚ್ಚುವ ಸದ್ದು, "ಏ, ನೀನಾ! ತಲೆ ಬೋಳಾಗಿದೆಯಲ್ಲೋ!" ಎಂಬ ಕೂಗು ಕೇಳತೊಡಗಿದವು.

"ಇರೋ ಶಾಯೀಲಿ ಅಧ್ಯಕ್ಷರದ್ದೊಂದು ಸರಿ ಮಾಡ್ರೀ" ಎಂದರು ಮೇಡಂ. "ಉಳಿದವರಿಗೆ ಕೈ ಮುಗಿದು ಹೇಳೋಣ."

ಕೀಲಿಮಣೆ ಕ್ವೆರಿಯ ನೆತ್ತಿಯ ಮೇಲೆ ಕೊನೆಯ ಷರತ್ತು ಬರೆದ: ಸಾಲು ಅಧ್ಯಕ್ಷರದ್ದಾದರೆ ಏನನ್ನೂ ಕತ್ತರಿಸದೆ, ಏನನ್ನೂ ಯೋಚಿಸದೆ, ಪೂರ್ತಿ ಹೆಸರು, ಮೇಲೆ 'ಮಾನ್ಯ ಅಧ್ಯಕ್ಷರು'. ಯಂತ್ರ ಅದೊಂದನ್ನು ಮುದ್ರಿಸಿ ಪ್ರಾಣ ಬಿಟ್ಟಿತು. ಹಳೆಯದನ್ನು ಅವನು ಷರ್ಟಿನ ಜೇಬಿಗೆ ತುರುಕಿಕೊಂಡ. ಬಾಗಿಲಲ್ಲೇ ಅಧ್ಯಕ್ಷರ ಕೊರಳಿಗೆ ಹೊಸ ಬ್ಯಾಜು ಬಿತ್ತು. ಕೀಲಿಮಣೆ ಉಸಿರು ಬಿಟ್ಟ.

ಬೈಗುಳ ತಿನ್ನಲು ಸಿದ್ಧನಾಗಿ ಅಂಗಳಕ್ಕೆ ಬಂದರೆ ಅಲ್ಲಿ ನಡೆಯುತ್ತಿದ್ದುದೇ ಬೇರೆ. ಡ್ರಿಲ್ ಮೇಷ್ಟ್ರು ಬ್ಯಾಜುಗಳನ್ನು ಮೇಜಿನ ಮೇಲೆ ಹರಡಿ, ಲೆಕ್ಕದ ಮೇಷ್ಟ್ರು ಬರೆದ ಸಾಲುಗಳಿವು ಎಂದದ್ದೇ ತಡ, ಸುತ್ತ ಜಾತ್ರೆ! ಹೆಸರೇ ಇಲ್ಲದ ಬ್ಯಾಜುಗಳಲ್ಲಿ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹುಡುಕುತ್ತಿದ್ದರು. ಕಪ್ಪು ಕೋಟಿನ ನ್ಯಾಯಾಧೀಶರೊಬ್ಬರು ಕೆಂಪು ಕಿವಿಯ ಬ್ಯಾಜನ್ನು ಎತ್ತಿಕೊಂಡು, "ಇದು ನಂದೇ, ಬೇರೆ ಯಾರೂ ಮುಟ್ಟಬೇಡಿ" ಎಂದು ತೀರ್ಪು ಕೊಟ್ಟರು. ಹೇಳುವಾಗಲೇ ಕಿವಿ ಕೆಂಪಾಗಿತ್ತು. ಊರಿಗೆಲ್ಲ ಸೂಜಿ ಚುಚ್ಚುವ ಡಾಕ್ಟರಮ್ಮನ ಕೊರಳಲ್ಲಿ "ಸೂಜಿ ಕಂಡರೆ ಬೆಂಚಿನ ಕೆಳಗೆ" ಎಂದಿತ್ತು. ಕೋಲೂರಿಕೊಂಡು ಬಂದಿದ್ದ ಒಬ್ಬ ಅಜ್ಜಿ ಒಂದು ಬ್ಯಾಜನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಿದ್ದರು: ಮಳೆ ಬಂದರೆ ಕಿಟಕಿಯಿಂದ ಕೈ ಹೊರಗೆ.

"ಯಾರೂ ನೋಡ್ತಿಲ್ಲ ಅಂತ ತಿಳ್ಕೊಂಡಿದ್ನಲ್ಲಪ್ಪ" ಎಂದರು ಅಜ್ಜಿ, ಯಾರಿಗೆಂದಿಲ್ಲದೆ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಹೆಸರು ಮರೆತೆ ಎಂಬ ಬ್ಯಾಜಿಗಂತೂ ಇಬ್ಬರು ಜಗಳಕ್ಕೇ ಬಿದ್ದಿದ್ದರು.

ದೊಡ್ಡ ಮೇಡಂ ಕೀಲಿಮಣೆಯ ಬೆನ್ನು ತಟ್ಟಿದರು. "ಬದುಕಿದಿರಿ ಕಣ್ರೀ!" ಅವನೂ ಹಾಗೇ ಅಂದುಕೊಂಡ. ಆಮೇಲೆ ಅಧ್ಯಕ್ಷರ ಕಡೆ ನೋಡಿದ.

ಸಾಹುಕಾರರು ಮೇಜಿನ ಮುಂದೆ ಬಗ್ಗಿ ಒಂದೊಂದೇ ಬ್ಯಾಜನ್ನು ತಿರುಗಿಸಿ ನೋಡುತ್ತಿದ್ದರು. ಒಮ್ಮೆ ನೋಡಿ ಮುಗಿಸಿ, ಮತ್ತೆ ಮೊದಲಿಂದ ನೋಡಿದರು. ಕೊನೆಗೆ ಅಂಗಳದ ಮೂಲೆಯ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟರು. ಕೀಲಿಮಣೆ ನೀರಿನ ಲೋಟ ಹಿಡಿದು ಹತ್ತಿರ ಹೋದ.

"ಎಲ್ಲರನ್ನೂ ನೆನಪಿಟ್ಟುಕೊಂಡಿದ್ದಾರೆ ನೋಡಪ್ಪ" ಎಂದರು ಅಧ್ಯಕ್ಷರು. "ನನಗೆ ಮಾತ್ರ ಹೆಸರು, ಪದವಿ. ಇದು ನನ್ನ ಅಂಗಡಿ ಬೋರ್ಡಿನ ಮೇಲೂ ಇದೆ. ಮೇಷ್ಟ್ರಿಗೆ ನನ್ನ ಬಗ್ಗೆ ಬರೆಯೋಕೆ ಒಂದೇ ಒಂದು ಮಾತು ಸಿಗಲಿಲ್ವಾ? ಅಷ್ಟು ಕಾಣದವನಾಗಿದ್ನಾ ನಾನು?"

ಅಷ್ಟು ದೊಡ್ಡ ಮನುಷ್ಯನ ಮುಖ, ಆಟಕ್ಕೆ ಸೇರಿಸಿಕೊಳ್ಳದ ಮಗುವಿನ ಮುಖದಂತಾಗಿತ್ತು. ಕೀಲಿಮಣೆಯ ಕೈ ಜೇಬಿಗೆ ಹೋಯಿತು, ವಾಪಸು ಬಂತು. ಕೊಟ್ಟರೆ ಹುದ್ದೆ ಹೋದೀತು. ಕೊಡದಿದ್ದರೆ ಈ ಮುಖ ನೋಡಲಾಗದು. ಆದದ್ದಾಗಲಿ ಎಂದು ಹಳೆಯ ಬ್ಯಾಜನ್ನು ತೆಗೆದು ಅವರ ಕೈಗಿಟ್ಟ.

"ತಪ್ಪಾಯ್ತು ಸಾರ್. ನಿಮ್ಮದೂ ಇದೆ. ನಾನೇ ಹೆದರಿ ಮುಚ್ಚಿಟ್ಟೆ."

ಅಧ್ಯಕ್ಷರು ಓದಿದರು. ಹುಬ್ಬು ಮೇಲೇರಿತು. ಕೀಲಿಮಣೆ ಕಣ್ಣು ಮುಚ್ಚಿಕೊಂಡ. ಮರುಗಳಿಗೆಗೆ ಅಂಗಳವೇ ತಿರುಗಿ ನೋಡುವಂಥ ನಗು ಕೇಳಿಸಿತು.

"ಲೋ ಕ್ಷೌರಿಕಾ, ಬಾರೋ ಇಲ್ಲಿ! ನಿನ್ನ ಲೆಕ್ಕಾನೂ ತಪ್ಪಂತೆ ಕಣೋ! ಮೇಷ್ಟ್ರಿಗೆ ಎಲ್ಲಾ ಗೊತ್ತಿತ್ತು!" ಎಂದು ಕೂಗಿದರು. ಅವರ ಹಳೆಯ ಬೆಂಚಿನ ಜೊತೆಗಾರ, ಈಗ ಕ್ಷೌರದ ಅಂಗಡಿಯವನು, ಓಡಿ ಬಂದ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಅತ್ತು, ನಕ್ಕು, ಮತ್ತೆ ಅತ್ತರು.

ಅಧ್ಯಕ್ಷರು ಕೀಲಿಮಣೆಯನ್ನು ಕೈಹಿಡಿದೇ ವೇದಿಕೆಗೆ ಕರೆದೊಯ್ದರು. ಮೈಕನ್ನು ಹತ್ತಿರಕ್ಕೆಳೆದುಕೊಂಡರು.

"ಈ ಹುಡುಗ ಇಲ್ಲದಿದ್ರೆ ಇವತ್ತು ನಮ್ಮ ಮೇಷ್ಟ್ರು ನಮಗೆ ವಾಪಸ್ ಸಿಗ್ತಿರಲಿಲ್ಲ!"

ಚಪ್ಪಾಳೆ. ಕೀಲಿಮಣೆ ಎದೆ ಉಬ್ಬಿಸಿ ನಿಂತ.

"ನಾವು ಎಂಥಾ ಪಾಪ ಮಾಡೋಕೆ ಹೊರಟಿದ್ವಿ ಗೊತ್ತಾ? ಮೇಷ್ಟ್ರ ಸಾಲುಗಳನ್ನ ಕತ್ತರಿಸಿ, ತಿದ್ದಿ, ಜೋಡಿಸೋಕೆ ಅಂತಲೇ ಒಬ್ಬರನ್ನ ಖಾಯಂ ಆಗಿ ನೇಮಿಸೋಕೆ! ಇವತ್ತು ನನ್ನ ಕಣ್ಣು ತೆರೀತು. ಇನ್ನು ಮೇಲೆ ಆ ಸಾಲುಗಳಲ್ಲಿ ಒಂದು ಅಲ್ಪವಿರಾಮವನ್ನೂ ಯಾರೂ ಮುಟ್ಟಬಾರದು. ಮೇಷ್ಟ್ರು ಬರೆದದ್ದು ಬರೆದ ಹಾಗೇ ಇರಲಿ. ಆ ಹುದ್ದೆಯೇ ನಮಗೆ ಬೇಡ! ಏನಂತೀರಿ?"

"ಬೇಡ! ಬೇಡ!" ಎಂದು ಇಡೀ ಅಂಗಳ ಎದ್ದು ನಿಂತಿತು. ನ್ಯಾಯಾಧೀಶರು ಎರಡೂ ಕೈ ಎತ್ತಿದರು. ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಕೀಲಿಮಣೆ. ಅವನ ಕಣ್ಣಲ್ಲೂ ನೀರಿತ್ತು.

ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಗುಮಾಸ್ತರು ಕತ್ತು ಚಾಚಿ ಅವನ ಕಿವಿಯ ಹತ್ತಿರ ಬಂದರು.

"ಅಲ್ಲಯ್ಯಾ, ನೀನ್ಯಾಕೆ ತಟ್ತಾ ಇದ್ದೀಯ? ಅವರು ತೆಗೆದುಹಾಕಿದ್ದು ನಿನ್ನ ಕೆಲಸಾನೇ ಕಣಯ್ಯಾ."

ಕೀಲಿಮಣೆಯ ಕೈಗಳು ಗಾಳಿಯಲ್ಲೇ ನಿಂತವು. ಮುಂದೆ ನೋಡಿದರೆ ಅಷ್ಟೂ ಜನ ಅವನನ್ನೇ ನೋಡಿ ಪ್ರೀತಿಯಿಂದ ನಗುತ್ತಿದ್ದರು. ಅಧ್ಯಕ್ಷರು ಅವನ ಹೆಗಲು ಬಳಸಿ ಹಿಡಿದಿದ್ದರು. ಬೇರೆ ದಾರಿ ಕಾಣದೆ ಅವನು ಮತ್ತೆ ಚಪ್ಪಾಳೆ ತಟ್ಟತೊಡಗಿದ.