ಸಾಕ್ಷಿಯ ಫೋನ್ ನಂಬರು

ಮಧ್ಯರಾತ್ರಿ ಕಳೆದು ಒಂದು ನಿಮಿಷವಾಗಿರಬೇಕು. ಗುಮಾಸ್ತರ ತಲೆಯ ಪಕ್ಕ ಫೋನು ‘ಟಿಣ್’ ಎಂದಿತು. ಅವರು ಕಣ್ಣುಜ್ಜಿಕೊಂಡು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮಂಚದ ಆ ಬದಿಯಿಂದ, ಹೆಂಡತಿಯ ದಿಂಬಿನ ಕೆಳಗಿನಿಂದ, ಇನ್ನೊಂದು ‘ಟಿಣ್’ ಕೇಳಿಸಿತು.

ಬಂದಿದ್ದು ಆನ್‌ಲೈನ್ ಕೋರ್ಸಿನ ಸಂದೇಶ. ಮನೆಯ ಹಣಕಾಸನ್ನು ಮೂರು ತಿಂಗಳಲ್ಲಿ ಹದಕ್ಕೆ ತರುವ ಕೋರ್ಸು ಅದು. ‘ನಿಮ್ಮ ಮೊದಲ ತಿಂಗಳ ಖರ್ಚಿನ ವರದಿ ಇಲ್ಲಿದೆ. ಇದರ ಒಂದು ಪ್ರತಿ ನಿಮ್ಮ ಸಾಕ್ಷಿಗೂ ಹೋಗಿದೆ’ ಎಂದು ಆರಂಭವಾಗಿ, ಕೆಳಗೆ ಪಟ್ಟಿಯಿತ್ತು. ಎರಡನೇ ಮನೆಯ ಬಾಡಿಗೆ. ಹೆಂಗಸರ ಚಪ್ಪಲಿ, ನಾಲ್ಕು ಜೊತೆ. ಕೂಸಿನ ಹಾಲಿನ ಪುಡಿ, ಆರು ಡಬ್ಬಿ. ಬೇಕರಿ, ಇಪ್ಪತ್ತಾರು ಸಲ. ಗಿಲಕಿ, ಒಂದು. ಕೊನೆಗೆ ಒಂದು ಮಾತು: ‘ನಿಮ್ಮವರು ಏನನ್ನೂ ಮುಚ್ಚಿಡದೆ ಬರೆದಿದ್ದಾರೆ. ದಯವಿಟ್ಟು ಬೆನ್ನು ತಟ್ಟಿ.’

ಸಾಕ್ಷಿ ಎಂದರೆ ಪಕ್ಕದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ ಹೆಂಡತಿ. ಗುಮಾಸ್ತರ ಬೆನ್ನು ತಟ್ಟಿಸಿಕೊಳ್ಳುವ ಮೊದಲೇ ಬೆವೆತಿತು.

ಅವರದು ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕಚೇರಿ. ಅಲ್ಲಿರುವುದು ನಾಲ್ಕೇ ಜನ: ಸಾಹೇಬರು, ಟೈಪಿಸ್ಟ್ ಮೇಡಂ, ಉಗ್ರಾಣದವರು, ಗುಮಾಸ್ತರು. ಊರಿನ ತೂಕದಲ್ಲಿ ಒಂದು ಗುಲಗಂಜಿ ಹೆಚ್ಚುಕಡಿಮೆಯಾದರೂ ಕೆಂಡ ಕಾರುವ ಈ ನಾಲ್ವರೂ ತಮ್ಮೊಳಗೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಾವುದನ್ನೇ ಆಗಲಿ ಒಂದೇ ಕೊಂಡು ನಾಲ್ವರು ಹಂಚಿಕೊಳ್ಳುವುದು. ಪತ್ರಿಕೆ ಒಂದು, ಕೊಡೆ ಒಂದು, ಕನ್ನಡಕ ಒರೆಸುವ ಬಟ್ಟೆಯೂ ಒಂದೇ. ಹಾಗಿರುವಾಗ ದುಡ್ಡು ಉಳಿಸುವ ಕೋರ್ಸನ್ನು ನಾಲ್ಕು ಸಲ ಕೊಳ್ಳುವ ದಡ್ಡರು ಯಾರು? ಅಂದು ಲೋಟ ತೊಳೆಯಲು ಹೊರಗೆ ಹೋಗಿದ್ದವರು ಗುಮಾಸ್ತರು. ಅವರು ಬರುವಷ್ಟರಲ್ಲಿ ಶುಲ್ಕ ನಾಲ್ಕು ಪಾಲು, ಹೆಸರು ಅವರದೇ, ಖರ್ಚನ್ನು ನಾಲ್ವರೂ ತಮ್ಮ ತಮ್ಮ ಫೋನಿನಿಂದ ಅದರಲ್ಲೇ ಬರೆಯುವುದು ಎಂದು ತೀರ್ಮಾನವಾಗಿತ್ತು.

ಫಾರಂನಲ್ಲಿ ‘ನಿಮ್ಮನ್ನು ದಾರಿಗೆ ತರಬಲ್ಲ ಸಾಕ್ಷಿಯ ಫೋನ್ ನಂಬರು’ ಎಂದು ಕೇಳಿತ್ತು. ಇಪ್ಪತ್ತೆರಡು ವರ್ಷ ಫಾರಂ ತುಂಬಿಸಿದ ಗುಮಾಸ್ತರಿಗೆ ಒಂದು ವಿಷಯ ಖಾತ್ರಿಯಿತ್ತು. ತುಂಬಿದ್ದನ್ನು ಲೋಕದಲ್ಲಿ ಯಾರೂ ಓದುವುದಿಲ್ಲ. ಖಾಲಿ ಬಿಟ್ಟಿದ್ದನ್ನು ಮಾತ್ರ ಓದುತ್ತಾರೆ. ಹೆಂಡತಿಯ ನಂಬರು ಬರೆದು ಕೈತೊಳೆದುಕೊಂಡರು.

ಬೆಳಿಗ್ಗೆ ಹೆಂಡತಿ ಎಂದಿನಂತೆ ಸಕ್ಕರೆಯಿಲ್ಲದ ಚಹಾ ತಂದಿಟ್ಟಳು. ಡಾಕ್ಟರು ಗುಮಾಸ್ತರಿಗೆ ಸಿಹಿ ಬಿಡಿಸಿ ಎಂಟು ತಿಂಗಳಾಗಿತ್ತು.

“ಏನ್ರೀ, ಮುಖ ಇಷ್ಟು ಸಪ್ಪಗಿದೆ? ಚಹಾ ಥರಾನೇ ಆಗೋಯ್ತು.”

“ನಿದ್ದೆ ಇಲ್ಲ, ಅಷ್ಟೆ. ನಿನ್ನ ಫೋನು…”

“ಬ್ಯಾಗಲ್ಲಿದೆ. ಯಾಕೆ?”

“ಸುಮ್ನೆ ಕೇಳ್ದೆ.”

ಅವಳು ಶಾಲೆಯಲ್ಲಿ ಗಣಿತದ ಟೀಚರು. ಅಲ್ಲಿ ಬೆಳಿಗ್ಗೆ ಎಲ್ಲರ ಫೋನೂ ಬೀರು ಸೇರುತ್ತದೆ, ನಾಲ್ಕು ಗಂಟೆಯ ತನಕ ಈಚೆ ಬರುವುದಿಲ್ಲ. ಅವಳಿನ್ನೂ ನೋಡಿಲ್ಲ ಎಂದು ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕೋರ್ಸಿನ ನಿಯಮ ಓದಿದರೆ ಒಂದು ದಾರಿಯೂ ಕಂಡಿತು. ಪಟ್ಟಿ ತಿದ್ದಿದರೆ ಹಳೆಯ ವರದಿ ಅಳಿದು ಸಾಕ್ಷಿಗೆ ಹೊಸದು ಹೋಗುತ್ತದೆ. ಆದರೆ ಯಾವ ಸಾಲನ್ನು ಯಾವ ಫೋನಿನಿಂದ ಬರೆದಿದೆಯೋ ಅದೇ ಫೋನಿನಿಂದಲೇ ತೆಗೆಯಬೇಕು.

ಮೊದಲು ಟೈಪಿಸ್ಟ್ ಮೇಡಂ ಬಳಿ ಹೋದರು.

“ಮೇಡಂ, ನಿಮ್ಮ ಚಪ್ಪಲಿ ತೆಗೀಬೇಕು.”

ಮೇಡಂ ಕಾಲಿನ ಕಡೆ ನೋಡಿಕೊಂಡರು. ಗುಮಾಸ್ತರು ನಡೆದಿದ್ದನ್ನೆಲ್ಲ ವಿವರಿಸಿದರು.

“ಅಯ್ಯೋ ಪಾಪ! ಆದ್ರೆ ನಾನು ತೆಗೆದ್ರೆ ನನ್ನ ಕಲಿಕೆ ಗತಿ ಏನು? ಒಂದು ತಿಂಗಳಿಂದ ಎಷ್ಟು ಶ್ರದ್ಧೆಯಿಂದ ಬರ್ದಿದ್ದೀನಿ! ನಾನು ಕೊಟ್ಟ ಪಾಲು ವಾಪಸ್ ಕೊಡಿ, ಈಗ್ಲೇ ತೆಗೀತೀನಿ.”

ಕೊಟ್ಟರು. ಎರಡನೇ ಪಾಠದಲ್ಲಿ ‘ಚೌಕಾಸಿ ಮಾಡುವ ಕಲೆ’ ಬಂದಿತ್ತು. ಮೇಡಂ ಅದನ್ನು ಚೆನ್ನಾಗಿಯೇ ಕಲಿತಿದ್ದರು.

ಉಗ್ರಾಣದವರು ಹಳೆಯ ಕಬ್ಬಿಣದ ತೂಕಗಳ ನಡುವೆ, ತಾವೂ ಒಂದು ತೂಕದಂತೆ, ಕುಳಿತಿದ್ದರು.

“ಹಾಲಿನ ಪುಡಿ ನಿಮ್ದೇ ಅಲ್ವಾ ಅಣ್ಣ? ಮೊಮ್ಮಗೂದಾ?”

“ಮೆಲ್ಲಗೆ ಮಾತಾಡು ಮಾರಾಯ! ಮೊಮ್ಮಗು ಅಲ್ಲ, ಮಗು. ಐವತ್ತೇಳಕ್ಕೆ ಅಪ್ಪ ಆದೆ ಅಂತ ತಮಟೆ ಹೊಡೀಲಾ? ತೆಗೀತೀನಿ. ಆದ್ರೆ ನನ್ನ ಪಾಲು ಕೊಟ್ಬಿಡು. ಆಮೇಲೆ ಈ ಗಿಲಕಿ ಹೊಸದು, ಮಗು ಮೂಸಿ ನೋಡ್ಲಿಲ್ಲ. ಅದನ್ನೂ ನೀನೇ ತಗೊ.”

ಗುಮಾಸ್ತರು ಗಿಲಕಿಯನ್ನೂ ಕೊಂಡು ಜೇಬಿಗಿಟ್ಟರು. ಹೆಜ್ಜೆ ಇಟ್ಟಲ್ಲೆಲ್ಲ ಅದು ಗಿಲಿಗಿಲಿ ಎನ್ನತೊಡಗಿತು.

ಸಾಹೇಬರ ಕೋಣೆಯೊಳಗೆ ಹೋಗುವಾಗ ಮೂರೂವರೆ.

“ಏನಯ್ಯಾ, ಗೆಜ್ಜೆ ಕಟ್ಕೊಂಡು ಬಂದಿದ್ದೀಯಾ?”

“ಸಾರ್, ಆ ಎರಡನೇ ಮನೆ ಬಾಡಿಗೆ…”

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. “ನಮ್ಮತ್ತೆ ಬಂದು ಹನ್ನೊಂದು ತಿಂಗಳಾಯ್ತು ಕಣಯ್ಯಾ. ಹಗಲೂ ರಾತ್ರಿ ಮಾತು. ಬಸ್ ನಿಲ್ದಾಣದ ಹಿಂದೆ ಒಂದು ರೂಮು ಹಿಡಿದಿದ್ದೀನಿ. ಸಂಜೆ ಹೋಗಿ ಒಂದು ಗಂಟೆ ಗೋಡೆ ನೋಡ್ಕೊಂಡು ಕೂತ್ಕೋತೀನಿ. ಇದು ಹೊರಗೆ ಬಂದ್ರೆ ನಿನ್ನ ಗತಿ ನೆಟ್ಟಗಿರಲ್ಲ.”

“ನಾನು ಯಾರಿಗೆ ಹೇಳ್ಲಿ ಸಾರ್? ಆ ಸಾಲು ತೆಗೆದ್ಬಿಡಿ ಸಾಕು.”

“ತೆಗೀತೀನಿ. ನನ್ನ ಪಾಲಿನ ದುಡ್ಡು ಇಲ್ಲಿಡು. ಮುಂದಿನ ಆರು ಶನಿವಾರ ತರಕಾರಿ ಮಾರ್ಕೆಟ್ಟಿನ ತಪಾಸಣೆ ನಿಂದು.”

ಮೂರು ಐವತ್ತೆಂಟಕ್ಕೆ ಸಾಹೇಬರು ಗುಂಡಿ ಒತ್ತಿದರು. ‘ಪಟ್ಟಿ ತಿದ್ದಲಾಗಿದೆ. ಸಾಕ್ಷಿಗೆ ಕಳಿಸಲಾಗಿದೆ’ ಎಂದಿತು ಫೋನು. ಗುಮಾಸ್ತರು ಕುರ್ಚಿಗೆ ಒರಗಿ, ಹೆಂಡತಿಯ ಮುಂದೆ ಮಾನ ಉಳಿಯಿತಲ್ಲ ಎಂದು ಉಸಿರುಬಿಟ್ಟರು. ಆ ಖುಷಿಗೆ, ಮನೆಗೆ ಹೋಗುವ ದಾರಿಯಲ್ಲಿ ಎಂದಿನ ಬೇಕರಿಯಲ್ಲಿ ನಿಂತು, ಎಂದಿನ ಒಂದರ ಬದಲು ಎರಡು ಕ್ರೀಮ್ ಬನ್ನು ತಿಂದು, ಬಾಯಿ ಒರೆಸಿಕೊಂಡರು.

ಮನೆಯಲ್ಲಿ ಹೆಂಡತಿ ಮೇಜಿನ ಮುಂದೆ ಕುಳಿತಿದ್ದಳು. ಎದುರಿಗೆ ಫೋನು.

“ಬನ್ನಿ. ಏನದು ಗಿಲಿಗಿಲಿ ಶಬ್ದ?”

“ಏನಿಲ್ಲ, ಚಿಲ್ಲರೆ.”

“ರಾತ್ರಿ ಬಂದಿದ್ದನ್ನ ನಾನು ರಾತ್ರೀನೇ ಓದ್ದೆ. ನೀವು ಬಚ್ಚಲಿಗೆ ಹೋಗಿ ಮುಖ ತೊಳ್ಕೊತಾ ಇದ್ರಿ.”

ಗುಮಾಸ್ತರು ಜೇಬಿನ ಗಿಲಕಿಯನ್ನು ಅದುಮಿ ಹಿಡಿದರು.

“ನಕ್ಕೂ ನಕ್ಕೂ ಸುಸ್ತಾದೆ ಕಣ್ರೀ. ಎರಡನೇ ಮನೆ, ನಾಲ್ಕು ಜೊತೆ ಚಪ್ಪಲಿ, ಒಂದು ಕೂಸು! ನಿಮ್ಮ ಸಂಬಳಕ್ಕೆ ಆ ಲೆಕ್ಕ ಎಲ್ಲಿಂದ ಕೂಡುತ್ತೆ? ನಿಮ್ಮ ಆಫೀಸಿನೋರ ಹಂಚಿಕೆ ಬುದ್ಧಿ ನಂಗೊತ್ತಿಲ್ವಾ? ನಾಲ್ಕೂ ಜನ ಸೇರಿ ಒಂದೇ ಕಡೆ ಗೀಚಿದ್ದಾರೆ ಅಂತ ಆಗ್ಲೇ ಗೊತ್ತಾಯ್ತು. ಆ ಬೇಕರೀನೂ ಯಾರದೋ ಇರ್ಬೇಕು ಅಂದ್ಕೊಂಡು ಮಲಗ್ದೆ.”

ಅವಳು ಫೋನನ್ನು ಅವರ ಕಡೆ ತಿರುಗಿಸಿದಳು. ತಿದ್ದಿದ ವರದಿಯಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಬೇಕರಿ, ಇಪ್ಪತ್ತಾರು ಸಲ.

ಗುಮಾಸ್ತರು ಇಡೀ ದಿನ ಊರವರ ಸಾಲುಗಳ ಹಿಂದೆ ಓಡಿದ್ದರು. ತಮ್ಮದೊಂದು ಅಲ್ಲಿದೆ ಎನ್ನುವುದು ಅವರ ಕಣ್ಣಿಗೇ ಬಿದ್ದಿರಲಿಲ್ಲ.

“ಎಂಟು ತಿಂಗಳಿಂದ,” ಎಂದಳು ಹೆಂಡತಿ, ಮೆಲ್ಲಗೆ, “ನೀವೊಬ್ರೇ ಸಪ್ಪೆ ಕುಡೀಬಾರ್ದು ಅಂತ ನಾನೂ ಸಕ್ಕರೆ ಬಿಟ್ಟಿದ್ದೆ.”

ಎದ್ದು ಹೋಗಿ, ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ಇಳಿಸಿ, ತನ್ನ ಚಹಾಕ್ಕೆ ಮೂರು ಚಮಚ ಹಾಕಿಕೊಂಡಳು. ಅವರ ಲೋಟವನ್ನು ಹಾಗೆಯೇ ಮುಂದಿಟ್ಟಳು. ಚಮಚ ತಿರುಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆಗ ಗುಮಾಸ್ತರ ಫೋನು ‘ಟಿಣ್’ ಎಂದಿತು. ‘ಅಭಿನಂದನೆಗಳು! ಒಂದೇ ದಿನದಲ್ಲಿ ಖರ್ಚನ್ನು ಇಷ್ಟು ಇಳಿಸಿದವರು ನೀವೇ ಮೊದಲು. ನಿಮ್ಮ ಗೆಲುವಿನ ಕತೆಯನ್ನು ಹತ್ತು ಜನರಿಗೆ ಹೇಳಿ, ಮುಂದಿನ ಕೋರ್ಸನ್ನು ಅರ್ಧ ಬೆಲೆಗೆ ಪಡೆಯಿರಿ.’

ಗುಮಾಸ್ತರು ಫೋನನ್ನು ಮಗುಚಿಟ್ಟರು. ಸಪ್ಪೆ ಚಹಾ ಗುಟುಕರಿಸುತ್ತ, ಹತ್ತು ಜನರಿರಲಿ, ಕಚೇರಿಯ ಆ ಮೂವರು ನಾಳೆ ಸುತ್ತುವರಿದು ಕೇಳಿದರೂ ಒಬ್ಬರ ಮುಂದೆಯೂ ತುಟಿ ಬಿಚ್ಚಬಾರದು ಎಂದು ತೀರ್ಮಾನಿಸಿದರು.