ಕಾಗೆಗೆ ಕೊಟ್ಟ ಮಾತು

ಹೆದರಿಕೆಯಲ್ಲಿ ಎರಡು ಜಾತಿ. ಹಾವಿಗೆ, ಚಿರತೆಗೆ ಹೆದರುತ್ತೇನೆಂದರೆ ಮರ್ಯಾದೆ ಉಳಿಯುತ್ತದೆ. ನನ್ನದು ಹೇಳಿಕೊಂಡರೆ ಮರ್ಯಾದೆ ಹೋಗುವ ಜಾತಿ: ನೀರಿನ ಹೆದರಿಕೆ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ನಕ್ಷೆಯ ಮೇಲೆ ಹಿಂದೂ ಮಹಾಸಾಗರವನ್ನು ಬೆರಳಲ್ಲಿ ಎಷ್ಟೋ ಸಲ ದಾಟಿದ್ದೇನೆ. ಬಕೆಟ್ಟಿಗಿಂತ ದೊಡ್ಡ ನೀರನ್ನು ಮಾತ್ರ ನಂಬಿದವನಲ್ಲ.

ಇಂಥವನಿಗೆ ದೊಡ್ಡಪ್ಪನಾಗಿ ಸಿಕ್ಕಿದ್ದು ನೇವಿಯವನು. ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ, ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಹಡಗು ಹತ್ತಿದವನು. ರಿಟೈರಾಗಿ ಬಂದು ಮತ್ತೆ ಕುರಿ ಹಿಡಿದ. ಆದರೆ ಕುರಿಗಳಿಗೂ ಬೆಳಿಗ್ಗೆ ಸೀಟಿ, ಸಾಲು, ಹಾಜರಿ. ಊರಿನ ಹುಡುಗರನ್ನೆಲ್ಲ ಹೊಲದ ಬಾವಿಗೆ ನೂಕಿ ಈಜು ಕಲಿಸಿದ. ನಾನೊಬ್ಬ ತಪ್ಪಿಸಿಕೊಂಡೆ. ಅವನ ಸೀಟಿ ಕೇಳಿದರೆ ಸಾಕು, ನನಗೆ ಜ್ವರ ಬರುತ್ತಿತ್ತು. ಸುಳ್ಳಲ್ಲ, ಮೈ ಮುಟ್ಟಿದರೆ ಸುಡುತ್ತಿತ್ತು. ನನ್ನ ತಲೆ ನರೆತ ಮೇಲೂ, ಕಂಡಾಗಲೆಲ್ಲ ನೀನೊಬ್ಬ ಉಳಕೊಂಡೆಯಲ್ಲೋ ಎಂದು ಕೊರಗುತ್ತಿದ್ದ.

ಹೋದ ತಿಂಗಳು ದೊಡ್ಡಪ್ಪ ತೀರಿಕೊಂಡ. ಹಾಲು-ತುಪ್ಪದ ದಿನ ಸಮಾಧಿಯ ಮುಂದೆ ಎಡೆ ಇಟ್ಟೆವು. ಅವನಿಗೆ ಇಷ್ಟವಾದ ಮುದ್ದೆ, ಮಾಂಸದ ಸಾರು, ಹಿರಿಯೂರಿನಿಂದ ತರಿಸಿದ ಮೀನು, ಮಿಲಿಟರಿ ಕ್ಯಾಂಟೀನಿನ ರಮ್ಮು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿಯಾಯಿತೆಂದು ಲೆಕ್ಕ. ಆಮೇಲೇ ನಮ್ಮ ಊಟ. ಕಾಗೆ ಬಂತು, ಜಾಲಿಮರದ ಮೇಲೆ ಕೂತಿತು, ಇಳಿಯಲಿಲ್ಲ. ದೊಡ್ಡಪ್ಪನ ಮಕ್ಕಳು ಅದರ ಮುಂದೆ ಕೈಮುಗಿದು, ಮೊಮ್ಮಕ್ಕಳನ್ನು ಓದಿಸುತ್ತೇವೆ ಎಂದರು, ಕುರಿ ಮಾರುವುದಿಲ್ಲ ಎಂದರು. ಅದು ಕೊಕ್ಕು ತಿರುಗಿಸಿತು. ಬಿಸಿಲು ನೆತ್ತಿಗೆ ಬಂತು. ಗಂಡನ ಜೀವ ಎಲ್ಲೋ ಅಲೆಯುತ್ತಿದೆಯೆಂಬ ಭಯಕ್ಕೆ ದೊಡ್ಡಮ್ಮ ಕೂತಲ್ಲಿಂದ ಎದ್ದಳು. ನೇರ ಬಂದು ನನ್ನ ತೋಳು ಹಿಡಿದಳು.

"ಏನಪ್ಪ, ಅವರಿಗೆ ನಿಂದೊಂದೇ ಕೊರಗು ಇದ್ದಿದ್ದು. ಈಜು ಕಲೀತೀನಿ ಅಂತ ಒಂದು ಮಾತು ಅಂದ್ಬಿಡು," ಎಂದಳು.

ಕಾಗೆ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಹಸಿದ ನೆಂಟರು ನನ್ನ ಬಾಯನ್ನೇ ನೋಡುತ್ತಿದ್ದರು. ಕಲೀತೀನಿ ಎಂದೆ, ನನಗೇ ಕೇಳಿಸಲಿಲ್ಲ. ಕಾಗೆಗೆ ಕೇಳಿಸಿತು. ದಡಬಡನೆ ಇಳಿದು ಮೀನಿಗೇ ಬಾಯಿ ಹಾಕಿತು. ದೊಡ್ಡಮ್ಮ ಗೊಳೋ ಎಂದು ಅತ್ತಳು, ನೆಂಟರು ಊಟಕ್ಕೆ ಕೂತರು, ನನಗೆ ಒಂದು ತುತ್ತೂ ಇಳಿಯಲಿಲ್ಲ.

ಮನುಷ್ಯರಿಗೆ ಕೊಟ್ಟ ಮಾತಾದರೆ ಇವತ್ತು ನಾಳೆ ಎನ್ನಬಹುದು. ಕಾಗೆಯ ಹತ್ತಿರ ಏನು ಸಬೂಬು ಹೇಳಲಿ? ದುರ್ಗದಲ್ಲಿ ನಮ್ಮ ಕಾಂಪೌಂಡಿನ ಮೇಲೆ ದಿನಾ ಒಂದು ಕಾಗೆ ಕೂರತೊಡಗಿತು. ಅದು ಮೊದಲಿಂದಲೂ ಬರುತ್ತದೆ ಎಂದಳು ನನ್ನ ಹೆಂಡತಿ. ನಾನು ನಂಬಲಿಲ್ಲ. ಕ್ಲಾಸಿನಲ್ಲಿ ಸಾಗರದ ಪಾಠ ಬಂದರೆ ಬೆವರುತ್ತಿದ್ದೆ.

ಕೊನೆಗೊಂದು ಭಾನುವಾರ ತಾಳ್ಯಕ್ಕೆ ಹೋದೆ. ದೊಡ್ಡಮ್ಮ ನನ್ನ ನಡುವಿಗೆ ತೇಲಲೆಂದು ಒಣ ಸೋರೆಬುರುಡೆ, ಜೊತೆಗೊಂದು ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ತಾನೇ ಹಿಡಿದು ಬಾವಿಯ ಮೇಲೆ ನಿಂತಳು. ಗೋಡೆ ತಬ್ಬಿಕೊಂಡೇ ಒಂದೊಂದು ಮೆಟ್ಟಿಲು ಇಳಿದೆ. ನೀರು ಸೊಂಟಕ್ಕೆ ಬಂದಾಗ ಪಾಚಿಗೆ ಕಾಲು ಜಾರಿತು. ಮನೆದೇವರ ಹೆಸರು ನೆನಪಾಗಲಿಲ್ಲ.

"ದೊಡ್ಡಪ್ಪಾ, ಹಿಡ್ಕ!" ಎಂದು ಕೂಗಿಕೊಂಡೆ. ಬಾವಿಯ ಹತ್ತಿರ ಅವನ ಕೈಗೆ ಸಿಗದಿರಲಪ್ಪ ಎಂದು ಜೀವಮಾನವಿಡೀ ದೇವರನ್ನು ಬೇಡಿಕೊಂಡಿದ್ದು ಇದೇ ಬಾಯಿ.