ಎಫ್ರಾಯಿಮ್ ಹುಲ್ಲು ಸುಟ್ಟ ದಿನ

ಎಫ್ರಾಯಿಮ್ ವೋತ್ ದೇವರಿಗೆ ಹೆದರುವ ಮನುಷ್ಯ. ಬೆಂಕಿಗೆ ಅದಕ್ಕಿಂತ ಒಂದು ತೂಕ ಹೆಚ್ಚೇ ಹೆದರುವವನು. ಎಲ್ಲ ರಗಳೆಗೂ ಮೂಲ ಅದೇ.

ಅಜ್ಜ ನೇಗಿಲು ತಾಗಿಸದೆ ಬಿಟ್ಟುಹೋದ ನಲವತ್ತು ಎಕರೆ ಹುಲ್ಲುಗಾವಲು ಅವನದು. ಕಾನ್ಸಸ್‌ನ ಆ ಗುಡ್ಡಗಳಲ್ಲಿ ಏಪ್ರಿಲ್ ಬಂತೆಂದರೆ ಪ್ರತಿಯೊಬ್ಬನೂ ತನ್ನ ಹುಲ್ಲಿಗೆ ತಾನೇ ಬೆಂಕಿಯಿಡುತ್ತಾನೆ. ಬೆಂಕಿ ಸತ್ತದ್ದನ್ನು ತಿನ್ನುತ್ತದೆ. ಬೇರು ಮಣ್ಣಿನ ಮಡಿಲಲ್ಲಿ ತಣ್ಣಗಿರುತ್ತದೆ. ಹದಿನೈದು ದಿನದಲ್ಲಿ ಬೂದಿಯ ನಡುವೆ ನೂರು ಬಗೆಯ ಚಿಗುರು. ಎಫ್ರಾಯಿಮ್ ಮಾತ್ರ ಆರು ವರ್ಷದಿಂದ "ಮುಂದಿನ ವರ್ಷ" ಎನ್ನುತ್ತಲೇ ಬಂದಿದ್ದ. ಒಣಹುಲ್ಲು ಹಳೆಯ ಹಾಸಿಗೆಯಂತೆ ಹೆಪ್ಪುಗಟ್ಟಿತ್ತು. ದೇವದಾರು ಗಿಡಗಳು ಕರೆಯದ ನೆಂಟರಂತೆ ಬಂದು ಕೂತಿದ್ದವು. ಹೆಂಡತಿ ಲಿಯೋರಾ ಮದುವೆಯಾಗಿ ಬಂದ ಜೂನಿನಲ್ಲಿ ಕಂಡು ಬೆರಗಾಗಿದ್ದ ಬಿಳಿ ಸೀತಾಳೆ ಹೂ ಕಣ್ಮರೆಯಾಗಿತ್ತು.

"ಈ ವರ್ಷಾನೂ ಸುಡದಿದ್ರೆ ಅದರ ಗಡ್ಡೆ ಮಣ್ಣಲ್ಲೇ ಸಾಯ್ತದೆ," ಎಂದಳು ಲಿಯೋರಾ. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆತ್ತಗೆ ಹೇಳಿದಳು.

"ಕರ್ತನೇ, ಜೂನಿಗೆ ಆ ಹೂ ಅವಳ ಕಣ್ಣಿಗೆ ಬೀಳಲಿ," ಎಂದು ಪ್ರಾರ್ಥಿಸಿ ಎಫ್ರಾಯಿಮ್ ಬೆಳಿಗ್ಗೆ ಎಂಟಕ್ಕೆ ಕೌಂಟಿ ಕಚೇರಿಗೆ ಫೋನು ಮಾಡಿದ. ಅಲ್ಲಿ ಬರೆಸಿಯೇ ಸುಡಬೇಕು. ಇಲ್ಲದಿದ್ದರೆ ಹೊಗೆ ಕಂಡಲ್ಲಿಗೆ ಬೆಂಕಿ ಆರಿಸುವ ಗಾಡಿ ಓಡಿಬರುತ್ತದೆ.

"ನೀವಾ? ನಿಜವಾಗ್ಲೂ?" ಎಂದಳು ಫೋನಿನ ಹೆಂಗಸು. "ಬರ್ಕೊಂಡೆ. ಇವತ್ತೊಂದೇ ದಿನ ನೋಡಿ. ನಾಳೆಯಿಂದ ಜೋರುಗಾಳಿ, ಈ ಸಲದ್ದು ಮುಗೀತು."

ಸುಡುವುದು ಒಬ್ಬರ ಕೆಲಸವಲ್ಲ. ಒಂಬತ್ತು ಜನ ನೆರೆಯವರು ನೀರಿನ ಟ್ಯಾಂಕು ಹೇರಿಕೊಂಡು ಬಂದರು. ಎಲೆಕೋಸು, ಮಾಂಸ ತುಂಬಿದ ಲಿಯೋರಾಳ ಬನ್ನುಗಳ ವಾಸನೆ ಅವರಿಗಿಂತ ಮೊದಲೇ ಅಂಗಳಕ್ಕೆ ಬಂದಿತ್ತು. ಒಬ್ಬ ಬೆರಳು ನೆಕ್ಕಿ ಎತ್ತಿ ಹಿಡಿದ, ಇನ್ನೊಬ್ಬ ಹುಲ್ಲೆಸಳು ತೂರಿದ, ಮುದುಕ ಶ್ರಾಗ್ ದೂರದ ಹಸುವಿನ ಬಾಲ ನೋಡಿದ. ಮೂವರ ಗಾಳಿ ಮೂರು ದಿಕ್ಕಿಗೆ ಬೀಸಿತು. ಕಡೆಗೆ ದಕ್ಷಿಣದ ಗಾಳಿಯೆಂದು ತೀರ್ಮಾನವಾಯಿತು. ಅಂದರೆ ಉತ್ತರದ ಬೇಲಿಯ ಬುಡದಲ್ಲಿ ಹಚ್ಚಬೇಕು; ಬೆಂಕಿ ಗಾಳಿಗೆದುರಾಗಿ ತೆವಳುತ್ತ ನಿಧಾನಕ್ಕೆ ಒಳಬರುತ್ತದೆ.

ಉತ್ತರದ ಬೇಲಿಯಾಚೆ ಹಾರ್ಲಿ ಉನ್ರುವಿನ ಹುಲ್ಲುಗಾವಲು; ಬಂದ ಒಂಬತ್ತು ಜನರಲ್ಲಿ ಅವನೂ ಒಬ್ಬ.

"ಆಚೆಗಿರೋದು ನಂದು, ನೆನಪಿದೆ ತಾನೆ?" ಎಂದ ಹಾರ್ಲಿ. "ಅಂಚಿಗೆ ನೀರು ಹೊಡೆದ್ಯಾ?"

"ಎರಡು ಸುತ್ತು ಹೊಡೆದೆ."

"ಎರಡೇ? ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನಾಲ್ಕು ಹೊಡೀತಿದ್ದೆ ಮಾರಾಯಾ."

ಹೆದರಿದವನಿಗೆ ಹೇಳಬಾರದ ಮಾತು ಅದು. ಎಫ್ರಾಯಿಮ್ ಸುತ್ತಲೂ ಆರು ಸುತ್ತು ಹೊಡೆದ. ಆರು ವರ್ಷದ ಹುಲ್ಲು ಬಾಯಾರಿದ ಒಂಟೆಯಂತೆ ಕುಡಿಯಿತು. ಆಮೇಲೆ ಅವನು ಮೂತಿಯಿಂದ ಉರಿಯೆಣ್ಣೆ ತೊಟ್ಟಿಕ್ಕುವ ಡಬ್ಬಿ ಹಿಡಿದು ಹೊರಟರೆ ಚುಸ್ಸ್ ಎಂದಿತೇ ಹೊರತು ಹತ್ತಲಿಲ್ಲ. ಇನ್ನೂ ಒಳಗೆ ಹೋಗಿ ಹಚ್ಚಿದ. ಅಲ್ಲೂ ಚುಸ್ಸ್.

"ಎಫ್ರಾಯಿಮ್, ನೀನು ಹುಲ್ಲು ಸುಡ್ತಿಲ್ಲಪ್ಪ, ಅದಕ್ಕೆ ದೀಕ್ಷಾಸ್ನಾನ ಮಾಡಿಸಿದ್ದೀಯ," ಎಂದ ಶ್ರಾಗ್. "ಬಿಸಿಲು ಕಾಯಲಿ. ಅಲ್ಲಿವರೆಗೆ ಊಟ ಮಾಡೋಣ."

ಒಂಬತ್ತು ಜನ ಊಟಕ್ಕೆ ಕೂತರು. ಎಫ್ರಾಯಿಮ್ ಮಾತ್ರ ಬೇಲಿಯ ಬುಡದಲ್ಲೇ ಇನ್ನೊಮ್ಮೆ, ಮತ್ತೊಮ್ಮೆ ಹಚ್ಚಿ ನೋಡುತ್ತಿದ್ದ.

"ನೋಡೋ, ಕೊನೇ ಬನ್ನು ನಿಂಗೆ ಇಟ್ಟಿದೀನಿ, ಬಾ!" ಎಂದು ಕೂಗಿದಳು ಲಿಯೋರಾ.

"ಬಂದೆ!" ಎಂದವನೇ ಉರಿಯುವ ಡಬ್ಬಿಯನ್ನು ಹಿಡಿದುಕೊಂಡೇ ಗರಕ್ಕನೆ ತಿರುಗಿದ. ಮೂತಿ ಬೇಲಿಯಾಚೆಗೆ ಬೀಸಿತು. ನಾಲ್ಕೇ ನಾಲ್ಕು ತೊಟ್ಟು.

ಹಾರ್ಲಿಯ ಹುಲ್ಲಿಗೆ ಯಾರೂ ಸ್ನಾನ ಮಾಡಿಸಿರಲಿಲ್ಲ. ದಕ್ಷಿಣದ ಗಾಳಿ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಬೆಂಕಿ ಬಡಗಣಕ್ಕೆ ಓಡಿತು. ಒಂಬತ್ತು ಜನ ಬನ್ನು ಬಾಯಲ್ಲಿ ಕಚ್ಚಿಕೊಂಡೇ ಗಾಡಿ ಹತ್ತಿದರು. ಪುಣ್ಯಕ್ಕೆ ಆಚೆ ತುದಿಗೆ ಹಳ್ಳ, ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ಹುಲ್ಲು ಹೊಸದಾಗಿ ಕೊಯ್ದ ಅಗಲವಾದ ಪಟ್ಟಿ. ಮೂರು ಗಂಟೆಯಲ್ಲಿ ನೂರರವತ್ತು ಎಕರೆ ನಯವಾಗಿ ಕ್ಷೌರ ಮಾಡಿದಂತೆ ಕಪ್ಪಗಾಯಿತು. ದಣಿದ ಜನ ಮನೆಗೆ ಹೋದರು. ಎಫ್ರಾಯಿಮನ ಹುಲ್ಲಿನ ಮೇಲೆ ಆಗಲೇ ಸಂಜೆಯ ಇಬ್ಬನಿ ಕೂತಿತ್ತು.

"ಹಾರ್ಲಿ, ನನ್ನ ಕ್ಷಮಿಸಿಬಿಡು," ಎಂದ ಎಫ್ರಾಯಿಮ್.

ಹಾರ್ಲಿ ದೀರ್ಘವಾಗಿ ಉಸಿರುಬಿಟ್ಟ. "ಹೋಗ್ಲಿ ಬಿಡು. ನೆರೆಯವನನ್ನ ಪ್ರೀತಿಸು ಅಂತ ಬರೆದಿದೆಯಲ್ಲ," ಎಂದು ಆ ಕೊನೆಯ ಬನ್ನನ್ನೂ ತಿಂದು ಹೋದ.

ಎಫ್ರಾಯಿಮ್‌ಗೆ ಮನಸ್ಸು ತಡೆಯಲಿಲ್ಲ. ತಪ್ಪೊಪ್ಪಿಕೊಳ್ಳಲು ಕೌಂಟಿಗೆ ಫೋನು ಮಾಡಿದ. "ಅಮ್ಮಾ, ಅಪ್ಪಣೆಯಿಲ್ಲದೆ ಹಾರ್ಲಿ ಉನ್ರುವಿನ ಹುಲ್ಲು ಸುಟ್ಟುಬಿಟ್ಟೆ."

"ಅಪ್ಪಣೆಯಿಲ್ಲದೆ ಯಾಕೆ? ಅವರು ಬೆಳಿಗ್ಗೆ ಏಳಕ್ಕೇ ಬರೆಸಿದಾರಲ್ಲ," ಎಂದಳು ಆ ಹೆಂಗಸು. "'ಎಫ್ರಾಯಿಮಂದು ಹೇಗೂ ಹತ್ತಲ್ಲ. ಮಧ್ಯಾಹ್ನ ಆ ಜನಾನೇ ನನ್ನ ಕಡೆ ಕರ್ಕೋತೀನಿ' ಅಂದ್ರು. ಪಟ್ಟಿನೂ ನಿನ್ನೆನೇ ಕೊಯ್ದಾಗಿತ್ತಂತೆ. ಅಂದಹಾಗೆ, ನಿಮ್ಮದು ಸುಟ್ಟಾಯ್ತಾ?"

ಎಫ್ರಾಯಿಮ್ ಫೋನನ್ನು ಮೆಲ್ಲಗೆ ಕೆಳಗಿಟ್ಟ.

ಜೂನ್ ಬಂತು. ಹಾರ್ಲಿಯ ಗುಡ್ಡದ ತುಂಬ, ಬೇಲಿಯ ತಂತಿಯವರೆಗೂ ಬಿಳಿ ಸೀತಾಳೆ. ತಂತಿಯ ಈಚೆಗೆ ಅದೇ ಹಳೆಯ ಹಾಸಿಗೆ, ಅದೇ ಕರೆಯದ ನೆಂಟರು. ಲಿಯೋರಾ ಬೇಲಿಗೂಟಕ್ಕೆ ಮೊಣಕೈಯೂರಿ ಮದುವೆಯ ವರ್ಷದ ಕಣ್ಣುಗಳಿಂದ ನೋಡುತ್ತ ನಿಂತಳು.

"ನೋಡು ನೋಡು, ಎಷ್ಟಾದ್ರೂ ನೋಡು ಲಿಯೋರಾ," ಎಂದು ಆಚೆಯಿಂದ ಕೂಗಿದ ಹಾರ್ಲಿ. "ಕೀಳಬೇಡ ಅಷ್ಟೆ."

ಎಫ್ರಾಯಿಮ್ ಟೋಪಿ ತೆಗೆದು ತಲೆಬಾಗಿದ. ದೂರುವಂತಿರಲಿಲ್ಲ, ಕೇಳಿದ್ದು ಅಕ್ಷರಶಃ ಸಿಕ್ಕಿತ್ತು. ಬೇಲಿಯ ಯಾವ ಕಡೆ ಎಂದು ಪ್ರಾರ್ಥನೆಯಲ್ಲಿ ಸೇರಿಸುವುದನ್ನು ಅವನೇ ಮರೆತಿದ್ದ.